ತಲೆ ಲೆಕ್ಕ

ಚಂದ್ರಭಾಗಾ ತಾಂಡೇಲ ನನಗೆ ಮೀನು ಮಾರುವುದಿಲ್ಲ,
ತಲೆ ಮಾರುತ್ತಾಳೆ.
ಬೈತಖೋಲದ ಧಕ್ಕೆ, ಬೆಳಗಿನ ಐದೂವರೆ,
ಮಂಜುಗಡ್ಡೆಯ ಹುಡಿಯಲ್ಲಿ ನಲವತ್ತು ತಾರ್ಲೆ.
ಕತ್ತಿ ಬೇಕಿಲ್ಲ, ಹೆಬ್ಬೆರಳ ಉಗುರು ಸಾಕು,
ಕಿವಿರಿನ ಹಿಂದೆ ಒಂದು ಚಿವುಟು.
"ಮೈ ಬಿಟ್ಟು ತಲೆ ಒಯ್ಯುವವಳು
ಇಡೀ ಕಾರವಾರಕ್ಕೆ ನೀನೊಬ್ಬಳೇ ಬಾಯಿ."

ಕೋಡಿಬಾಗದ ಲ್ಯಾಬಿನಲ್ಲಿ ವಿನ್‌ಫ್ರೆಡ್
ಚಿಮಟದಿಂದ ತಲೆ ಬಿಡಿಸುತ್ತಾನೆ.
ಒಂದೊಂದರಲ್ಲೂ ಅಕ್ಕಿ ಕಾಳಿನಷ್ಟು ಮಿದುಳು,
ಕಾಳಿಯ ಅಳಿವೆ ಎಲ್ಲಿ, ಆಳ ಎಲ್ಲಿ, ಹಿಂಡು ಎತ್ತ ಹೊರಳಿತು
ಎಂಬುದೆಲ್ಲ ಅದಕ್ಕೇ ಗೊತ್ತಿತ್ತು, ನಿನ್ನೆಯವರೆಗೆ.

ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು,
ಅರೆದು, ಅಲುಗಿಸಿ, ಸುಮ್ಮನೆ ಬಿಡಬೇಕು.
ಸಾರು ಕುದಿಸಿದವರಿಗೆಲ್ಲ ಗೊತ್ತು
ಕೊಬ್ಬು ಮೇಲೆ ತೇಲುತ್ತದೆ ಎಂದು.
ಇಲ್ಲಿ ಅದು ತಳಕ್ಕೆ ಇಳಿದು ಕೂರುತ್ತದೆ,
ಯಾರೂ ನೋಡದ ಹಾಗೆ.

ಆಮೇಲೆ ಸೂಜಿ. ಕೂದಲೆಳೆಗಿಂತ ಸಣ್ಣ ಬಾಯಿಂದ
ಸಿಡಿದ ಹನಿ ಒಣಗುತ್ತ, ಒಣಗುತ್ತ,
ಒಂದು ಅಣು ತನ್ನ ವಿದ್ಯುತ್ತು ಹೊತ್ತು
ಒಂಟಿಯಾಗಿ ನಿರ್ವಾತಕ್ಕೆ ಹೊರಡುತ್ತದೆ.
ತೂಗಿಸಿಕೊಳ್ಳುತ್ತದೆ.
ಹೆಸರು ಹೇಳುವುದಿಲ್ಲ.
ಡಿಕ್ಕಿ ಹೊಡೆಸಿ ಒಡೆದರೆ
ಚೂರುಗಳು ಒಂದಿಷ್ಟು ಹೇಳುತ್ತವೆ.

ಮೇ ತಿಂಗಳಲ್ಲಿ ಒಂದು ಸಿಕ್ಕಿತ್ತು:
ಮುನ್ನೂರ ತೊಂಬತ್ತೊಂದು. ನೀಳ, ನೆಟ್ಟಗೆ,
ದೀಪಸ್ತಂಭದ ಹಾಗೆ ಪರದೆಯ ಮೇಲೆ.
ವಿನ್‌ಫ್ರೆಡ್ ಪೇಡೆ ತಂದ. ಹಂಚಿದೆವು.
ಮೂರನೇ ದಿನ ಖಾಲಿ ಶೀಶೆಯಲ್ಲೂ ಅದೇ ಸ್ತಂಭ.
ತಲೆ ತುಂಬಿ ತಂದ ಪ್ಲಾಸ್ಟಿಕ್ ಚೀಲದ ಅಂಶ,
ಮೀನಿಗೂ ಅದಕ್ಕೂ ಏನೂ ಸಂಬಂಧವಿಲ್ಲ.
ಅಂದಿನಿಂದ ಗಾಜಿನ ಬರಣಿ.
ಪೇಡೆಯ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ಮಳೆ ಕಳೆದು ರಾಂಪಣಿ ಬಲೆ ದಡಕ್ಕೆ ಬಂದ ಮೇಲೆ
ಇನ್ನೊಂದು ಬಂತು, ಕುಳ್ಳ, ಅಂಜುಬುರುಕ,
ಗದ್ದಲದ ಮಟ್ಟದಿಂದ ಎರಡು ಬೆರಳು ಮೇಲೆ.
ಒಡೆದೆವು. ಮುನ್ನೂರ ಇಪ್ಪತ್ತೇಳು ಬಿತ್ತು:
ಅದು ಗೊತ್ತಿದ್ದದ್ದೇ, ದೇವಿಮನೆ ಘಾಟಿನಂತೆ
ಆರು ತಿರುವಿನ ಬಾಲ.
ಜೊತೆಗೆ ಇನ್ನೂರ ಎಂಬತ್ತಮೂರು.
ತಿರುವಿಲ್ಲದ ನೇರ ಬಾಲ, ಎಂದು ಬರೆದೆ.
ಪಟ್ಟಿಯ ಹಳೆಯ ಹೆಸರೊಂದು ಹೆಚ್ಚುಕಡಿಮೆ ಹೊಂದಿತು.
ಹೆಚ್ಚುಕಡಿಮೆ.
ಒಂದು ತಿಂಗಳು ಆ ಹೆಸರಿನಲ್ಲೇ ಕರೆದೆ ಅದನ್ನು.

ಒಂದು ಬೆಳಿಗ್ಗೆ ಚಂದ್ರಭಾಗಾ
ನನ್ನ ಬುಟ್ಟಿಯಿಂದ ಏಳು ಮೀನು ತೆಗೆದು ಆಚೆ ಎಸೆದಳು.
"ಇವು ಪೆಡ್ವೆ. ತಾರ್ಲೆ ಅಲ್ಲ."
ನನ್ನ ಕಣ್ಣಿಗೆ ಒಂದೇ ಬೆಳ್ಳಿ, ಒಂದೇ ಗೇಣು.
ಅವಳು ಹೊಟ್ಟೆಯಂಚಿಗೆ ಹೆಬ್ಬೆರಳು ಸವರಿ
"ನೋಡಬೇಡ, ಮುಟ್ಟು" ಅಂದಳು.
ಮುಟ್ಟಿದೆ. ನನಗೇನೂ ತಿಳಿಯಲಿಲ್ಲ.

ಆದರೆ ಲ್ಯಾಬಿಗೆ ಬಂದು ಚುಕ್ಕಿಯ ಬಲಕ್ಕೆ ನೋಡಿದೆ.
ನೇರ ಬಾಲವಾದರೆ ಎರಡು, ಆರು ಇರಬೇಕು.
ಇದ್ದದ್ದು ಎರಡು, ನಾಲ್ಕು.
ಇದು ಬೇರೆ ಬಾಲವಲ್ಲ, ಮೊದಲಿನದ್ದೇ ಮುರಿದ ತುಂಡು,
ಒಂದು ಉಸಿರು ಇಂಗಾಲದ ಗಾಳಿ ಬಿಟ್ಟು ಹಗುರಾದದ್ದು.
ಹಾಗಾದರೆ ಎರಡೂ ಬಾಲ ಒಂದೇ ತರದವು.
ಮೊತ್ತದಿಂದ ಕಳೆದೆ, ಮತ್ತೆ ಕಳೆದೆ.
ಉಳಿದದ್ದು ತಲೆ.
ಯಾವ ಪಟ್ಟಿಯಲ್ಲೂ ಇಲ್ಲದ ತೂಕದ ತಲೆ.

ಖಾಲಿ ಶೀಶೆ ಓಡಿಸಿದೆವು. ಏನಿಲ್ಲ.
ಬೇರೆ ದೋಣಿಯ ಮೀನು. ಇದೆ.
ದೇವಬಾಗದ ಮೀನು. ಇದೆ.
ವಿನ್‌ಫ್ರೆಡ್ ಅಂಗಡಿಗೆ ಹೋಗಲಿಲ್ಲ,
ಕಿಟಕಿ ತೆರೆದು ಸುಮ್ಮನೆ ನಿಂತ.
ಹೊಸತು ಎನ್ನಲು ನಾಲಿಗೆ ಬರಲಿಲ್ಲ ನನಗೂ.
ಈ ದಡಕ್ಕೆ ಜನ ಬರುವ ಮೊದಲೇ ಅದು
ಕಡಲಲ್ಲಿ ಈಜುತ್ತಿತ್ತಲ್ಲ.

"ಏನು ಸಿಕ್ಕಿತು ಬಾಯಿ, ಇಷ್ಟು ತಲೆ ಒಡೆದು?"
"ಒಂದು ತಲೆ."
"ಯಾರದು?"
"ಹೆಸರಿಲ್ಲ ಇನ್ನೂ. ಕೆಲಸ ಏನೆಂದೂ ಗೊತ್ತಿಲ್ಲ."
ನಕ್ಕಳು: "ಹೆಸರಿಲ್ಲದ್ದು ಬಲೆಗೆ ಬಿದ್ದರೆ
ನಾವು ಮೊದಲು ಬೆಕ್ಕಿಗೆ ಹಾಕಿ ನೋಡುವುದು."
"ನಾಳೆ ಅರವತ್ತು ಬೇಕು."
"ತಲೆಗೆ ಒಂದು ರೂಪಾಯಿ ಹೆಚ್ಚು."
"ಯಾಕೆ?"
ಬುಟ್ಟಿಗೆ ನೀರು ಚಿಮುಕಿಸುತ್ತ, ಮುಖ ಎತ್ತದೆ,
"ಒಳಗೆ ಹೊಸತು ಉಂಟು ಅಂತ ನೀನೇ ಹೇಳಿದೆಯಲ್ಲ."